ಮೂವತ್ತೊಂದನೆಯ ಹಾಳೆ

ಆಳದ ಪಾಯ ಹಾಕುವ ಗುತ್ತಿಗೆದಾರರ ಸಂಘದ ಕಚೇರಿ ಇರುವುದು ಮೂರನೆಯ ಮಹಡಿಯಲ್ಲಿ. ಬೀದಿಯಿಂದ ಅಲ್ಲಿಗೆ ಐವತ್ತೆಂಟು ಮೆಟ್ಟಿಲು; ಲಿಫ್ಟ್ ಇಲ್ಲ. 1986ರ ನವೆಂಬರ್ 17, ಸೋಮವಾರ, ನನ್ನ ತಂಗಿ ಎರಡು ಟ್ರಂಕು ಮತ್ತು ಒಂದು ಹಾಸಿಗೆಯ ಸುರುಳಿಯೊಂದಿಗೆ ಆ ಮೆಟ್ಟಿಲುಗಳನ್ನು ಮೊದಲ ಸಲ ಹತ್ತಿದಾಗ, ಭೂಮಿಯೊಳಕ್ಕೆ ಇಳಿಯುವುದೇ ಕಸುಬಾದವರಿಗೆ ಕೂರಲು ಆಕಾಶವೇ ಬೇಕಾಯಿತೇ ಎಂದು ಕೇಳಿದಳು. ಅವಳ ಗಂಡ ಅಂದು ಆ ಸಂಘದ ಕಾರ್ಯದರ್ಶಿಯಾಗಿ ಕೆಲಸಕ್ಕೆ ಸೇರಿದ್ದರು. ಸಂಬಂಧದಲ್ಲಿ ಅವರು ನನಗೆ ಕಿರಿಯರು. ಆದರೆ ಎಲ್ಲರೂ ಅವರನ್ನು ಕಾರ್ಯದರ್ಶಿಗಳೆಂದೇ ಕರೆಯುವುದರಿಂದ ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ.

ಅವರು ಹುಟ್ಟಿದ್ದು 1951ರ ಆಗಸ್ಟ್ 3ರಂದು. ಸಂಘಕ್ಕೆ ಬರುವ ಮೊದಲು ಹನ್ನೆರಡು ವರ್ಷ ನೆಲ ಕೊರೆಯುವ ಯಂತ್ರದ ಮೇಸ್ತ್ರಿಯಾಗಿದ್ದರು. ಯಂತ್ರ ಅವರ ಎಡಗಿವಿಯನ್ನು ತಿಂದಿತ್ತು. ಕೈಬರಹ ಮಾತ್ರ ಮುತ್ತು ಪೋಣಿಸಿದಂತಿತ್ತು. ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿ ಅದು ಎಷ್ಟು ಆಳದ್ದೆಂದು ಹೇಳಬಲ್ಲವರಾಗಿದ್ದರು. ಸಂಘಕ್ಕೆ ಬೇಕಾಗಿದ್ದುದು ಈ ಎರಡು ಗುಣಗಳೇ.

ಕಚೇರಿಯೆಂದರೆ ಉದ್ದನೆಯ ಮೇಜು, ಇಪ್ಪತ್ತೆರಡು ಕುರ್ಚಿಗಳಿರುವ ಸಭೆಯ ಕೋಣೆ. ಅದರ ಪಕ್ಕದಲ್ಲಿ ಕಾರ್ಯದರ್ಶಿಗಳ ಮೇಜು ಮತ್ತು ಒಂದು ಉಕ್ಕಿನ ಬೀರು. ಬೀರುವಿನ ಹಿಂದೆ ಒಂದು ಬಾಗಿಲು. ಆ ಬಾಗಿಲಿನಾಚೆ ಅವರ ಸಂಸಾರ: ಎರಡು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಯ ಕಿಟಕಿ ತೆರೆದರೆ ಎದುರಿನ ಕಟ್ಟಡದ ಗೋಡೆ, ಒಂದು ತೋಳಿನಷ್ಟು ದೂರದಲ್ಲಿ. ಬೀರುವಿನ ಬೀಗದ ಕೈ ಯಾರಲ್ಲಿದೆಯೋ ಅವರು ಅದೇ ಕಟ್ಟಡದಲ್ಲಿ ವಾಸಿಸತಕ್ಕದ್ದು ಎಂಬುದು ಸಂಘದ ಒಂಬತ್ತನೆಯ ನಿಯಮ. ನಿಯಮ ಬರೆದವರಲ್ಲಿ ಯಾರೂ ಅಲ್ಲಿ ವಾಸಿಸಿದವರಲ್ಲ.

ಬೀರುವಿನಲ್ಲಿ ಇದ್ದದ್ದೇನೆಂದು ಹೇಳಬೇಕು. ದೊಡ್ಡ ಕಟ್ಟಡಕ್ಕೆ ಪಾಯ ಹಾಕುವವರು ಗಟ್ಟಿ ಬಂಡೆ ಸಿಗುವವರೆಗೆ ನೆಲ ಕೊರೆದು, ಆ ತೂತಿನೊಳಕ್ಕೆ ಕಬ್ಬಿಣದ ಪಂಜರವನ್ನು ಇಳಿಸಿ, ಕಾಂಕ್ರೀಟ್ ತುಂಬುತ್ತಾರೆ. ಹೀಗೆ ನೆಲದೊಳಗೆ ನಿಲ್ಲುವ ಕಂಬಕ್ಕೆ ಪೈಲ್ ಎನ್ನುತ್ತಾರೆ. ಬಂಡೆ ಎಷ್ಟು ಆಳದಲ್ಲಿದೆ ಎಂಬುದೇ ಈ ಕಸುಬಿನ ಗುಟ್ಟು. ಒಬ್ಬ ಗುತ್ತಿಗೆದಾರ ತಾನು ಕಂಡದ್ದನ್ನು ಇನ್ನೊಬ್ಬನಿಗೆ ಹೇಳುವುದಿಲ್ಲ. ಆದರೆ ಎಲ್ಲರೂ ಎಲ್ಲ ಕಡೆ ಹೊಸದಾಗಿ ಕೊರೆದು ನೋಡುವುದೆಂದರೆ ಎಲ್ಲರಿಗೂ ನಷ್ಟ. ಅದಕ್ಕಾಗಿ 1986ರಲ್ಲಿ ಸಂಘ ಒಂದು ಏರ್ಪಾಡು ಮಾಡಿತು. ಪ್ರತಿಯೊಬ್ಬ ಸದಸ್ಯನೂ ತಾನು ಕೊರೆದ ನೆಲದ ವಿವರವನ್ನು ಕಾರ್ಯದರ್ಶಿಗಳ ಕೈಗೆ ಕೊಡಬೇಕು. ಅವರು ಕೊಟ್ಟವನ ಹೆಸರನ್ನು ಬಿಟ್ಟು, ಆಳಗಳನ್ನು ಮಾತ್ರ ಬಡಾವಣೆಗೊಂದರಂತೆ ದೊಡ್ಡ ಹಾಳೆಗಳಿಗೆ ಏರಿಸಬೇಕು. ಹಾಳೆಯನ್ನು ಯಾವ ಸದಸ್ಯನಾದರೂ ನೋಡಬಹುದು. ಮೂಲ ವಿವರ ನೋಡುವ ಹಕ್ಕು ಕಾರ್ಯದರ್ಶಿಗಳಿಗೆ ಮಾತ್ರ. ಹೀಗೆ ಅರವತ್ತನಾಲ್ಕು ಹಾಳೆಗಳಾದವು. ಬದ್ಧ ವೈರಿಗಳೂ ಆ ಹಾಳೆಗಳನ್ನು ನಂಬಿದರು, ಏಕೆಂದರೆ ಅವರು ನಂಬಿದ್ದು ಒಬ್ಬರನ್ನೊಬ್ಬರನ್ನಲ್ಲ, ಕಾರ್ಯದರ್ಶಿಗಳನ್ನು.

ತಪ್ಪು ನಡೆದದ್ದು 1994ರ ಫೆಬ್ರವರಿ 12, ಶನಿವಾರ. ಅಂದು ಏರಿಸಿದ್ದು ಮೂವತ್ತೊಂದನೆಯ ಹಾಳೆಗೆ. ಮೂಲ ವಿವರದಲ್ಲಿ ಹನ್ನೊಂದು ಮೀಟರಿಗೆ ಗುಂಡುಕಲ್ಲಿನ ಪದರ, ಹದಿನಾಲ್ಕು ಮೀಟರ್ ಇಪ್ಪತ್ತು ಸೆಂಟಿಮೀಟರಿಗೆ ಬಂಡೆ ಎಂದಿತ್ತು. ಅವರು ಹಾಗೆಯೇ ಬರೆದರು. ಕಾಗದದ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಇನ್ನೊಂದು ಸಾಲಿತ್ತು: ಕೊರೆಯಲು ಆರಂಭಿಸಿದ್ದು ರಸ್ತೆಯ ಮಟ್ಟದಿಂದಲ್ಲ, ಅಗೆದ ನೆಲಮಾಳಿಗೆಯ ಗುಂಡಿಯ ತಳದಿಂದ, ರಸ್ತೆಗಿಂತ ಮೂರು ಮೀಟರ್ ಹತ್ತು ಸೆಂಟಿಮೀಟರ್ ಕೆಳಗೆ. ಆ ಸಾಲು ಅವರ ಕಣ್ಣಿಗೆ ಬೀಳಲಿಲ್ಲ. ಹನ್ನೆರಡು ವರ್ಷ ಯಂತ್ರದ ಪಕ್ಕದಲ್ಲಿ ನಿಂತವರು ಯಂತ್ರ ನಿಂತ ಜಾಗವನ್ನೇ ನೆಲವೆಂದು ತಿಳಿಯುತ್ತಾರೆ. ಇದು ಆ ಕಸುಬಿನವರು ಮಾತ್ರ ಮಾಡುವ ತಪ್ಪು.

ಒಂಬತ್ತು ವರ್ಷ ಯಾರಿಗೂ ತಿಳಿಯಲಿಲ್ಲ. 2003ರ ಜೂನ್ 9, ಸೋಮವಾರ, ಅಂದು ಕೊರೆದಿದ್ದ ಬೀದಿಯ ಕೊನೆಯಲ್ಲೇ ಸ್ವಂತವಾಗಿ ಕೊರೆದು ನೋಡಿದ ಒಬ್ಬ ಸದಸ್ಯನ ವಿವರ ಬಂತು: ಹದಿನಾಲ್ಕಕ್ಕೆ ಗುಂಡುಕಲ್ಲು, ಹದಿನೇಳೂವರೆಯ ಹತ್ತಿರಕ್ಕೆ ಬಂಡೆ. ಕಾರ್ಯದರ್ಶಿಗಳು ಹಳೆಯ ಕಾಗದವನ್ನು ತೆಗೆದು ಬೆಳಕಿಗೆ ಹಿಡಿದರು. ಪೆನ್ಸಿಲ್ ಸಾಲು ಅಲ್ಲೇ ಇತ್ತು.

ಇದರ ಅರ್ಥವೇನೆಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆ ಬಡಾವಣೆಯಲ್ಲಿ ರಸ್ತೆಯ ಮಟ್ಟದಿಂದ ಕೊರೆದವನಿಗೆ ಹದಿನಾಲ್ಕು ಮೀಟರಿನಲ್ಲಿ ಯಂತ್ರ ಕಟಕಟನೆ ಕಚ್ಚುತ್ತದೆ. ಕಚ್ಚಿದ್ದು ಗುಂಡುಕಲ್ಲು. ಆದರೆ ಸಂಘದ ಹಾಳೆ ಅಲ್ಲಿ ಬಂಡೆ ಇದೆಯೆನ್ನುತ್ತದೆ, ಯಂತ್ರವೂ ಹೌದೆನ್ನುತ್ತದೆ, ಅವನು ನಿಲ್ಲಿಸುತ್ತಾನೆ. ಕಂಬ ಬಂಡೆಯ ಮೇಲೆ ನಿಲ್ಲುವ ಬದಲು ಕಲ್ಲುಗಳ ರಾಶಿಯ ಮೇಲೆ ನಿಲ್ಲುತ್ತದೆ. ಒಂಬತ್ತು ವರ್ಷಗಳಲ್ಲಿ ಆ ಹಾಳೆಯನ್ನು ನೋಡಿ ಮೂರು ಕಟ್ಟಡಗಳೆದ್ದಿದ್ದವು. ಒಂದನ್ನು ಕಟ್ಟಿದ್ದು ಅಂದಿನ ಅಧ್ಯಕ್ಷರದೇ ಕಂಪನಿ.

ಮರುದಿನ ಬೆಳಿಗ್ಗೆ ಎಂಟಕ್ಕೆ ಅವರು ಅಧ್ಯಕ್ಷರ ಮನೆಗೆ ಹೋದರು. ಅಧ್ಯಕ್ಷರು ಹಳೆಯ ಹುಲಿ. ಗಡ್ಡ ಹೆರೆದುಕೊಳ್ಳುತ್ತಲೇ ಕೇಳಿದರಂತೆ. ಎಲ್ಲ ಮುಗಿದ ಮೇಲೆ ಮುಖ ಒರೆಸಿಕೊಂಡು ಹೇಳಿದ ಮಾತನ್ನು ಕಾರ್ಯದರ್ಶಿಗಳು ಅಕ್ಷರ ಬಿಡದೆ ನೆನಪಿಟ್ಟುಕೊಂಡಿದ್ದಾರೆ.

“ತಪ್ಪು ನಿಮ್ದು, ಕಟ್ಟಡ ನಮ್ದು. ಇಬ್ರೂ ಬಾಯಿ ಮುಚ್ಕೊಂಡಿದ್ರೆ ಎರಡೂ ನಿಂತಿರ್ತವೆ.”

“ಸರ್, ನಾಳೆ ಇನ್ನೊಬ್ಬ ಆ ಹಾಳೆ ನೋಡಿ ಅಲ್ಲಿ ಎಂಟು ಮಹಡಿ ಎಬ್ಬಿಸಿದ್ರೆ?”

“ತಿದ್ದಿ. ಬೇಡ ಅಂದೋರ್ಯಾರು? ನಿಯಮ ಹದಿನಾಲ್ಕು ಓದ್ಕೊಂಡು ತಿದ್ದಿ.”

ಹದಿನಾಲ್ಕನೆಯ ನಿಯಮ ಹೀಗಿದೆ: ಯಾವುದೇ ಹಾಳೆಯನ್ನು ತಿದ್ದಬೇಕಾದರೆ ಅದನ್ನು ಆಧರಿಸಿ ಕೆಲಸ ಮಾಡಿದ ಎಲ್ಲ ಸದಸ್ಯರ ಲಿಖಿತ ಒಪ್ಪಿಗೆ ಬೇಕು. ಒಪ್ಪಿಗೆಗೆ ಸಹಿ ಹಾಕುವುದೆಂದರೆ ತಾನು ಕಟ್ಟಿದ ಕಟ್ಟಡದ ಕಂಬ ಗಿಡ್ಡವೆಂದು ಬರೆದುಕೊಟ್ಟಂತೆ. ಮೂವರಲ್ಲಿ ಒಬ್ಬರೂ ಸಹಿ ಹಾಕಲಿಲ್ಲ. ನ್ಯಾಯ ಬಿಟ್ಟು ಹೇಳಬಾರದು. ಆ ಮೂವರು ಸುಮ್ಮನೆಯೂ ಕೂರಲಿಲ್ಲ. ಒಬ್ಬ ಹಿರಿಯ ಇಂಜಿನಿಯರಿಂದ ಲೆಕ್ಕ ಹಾಕಿಸಿದರು. ಕಟ್ಟಡಗಳು ಹಗುರವಾದವು, ಇರುವ ಮಹಡಿಗಳನ್ನು ಹೊರಬಲ್ಲವು, ಮೇಲೆ ಒಂದು ಇಟ್ಟಿಗೆಯನ್ನೂ ಏರಿಸಕೂಡದು ಎಂದು ಆ ಇಂಜಿನಿಯರು ಹೇಳಿದರು. ಮೂವರೂ ತಮ್ಮ ತಮ್ಮ ಕಟ್ಟಡದ ಯಜಮಾನರಿಗೆ, ಕಾರಣ ಹೇಳದೆ, ಇನ್ನು ಮಹಡಿ ಏರಿಸಬಾರದೆಂದು ಪತ್ರ ಬರೆದರು. ಅಲ್ಲಿಗೆ ತಮ್ಮ ಋಣ ತೀರಿತೆಂದುಕೊಂಡರು.

ಕಾರ್ಯದರ್ಶಿಗಳಿಗೆ ತೀರಲಿಲ್ಲ. ಮೂಲ ವಿವರಗಳನ್ನು ಹೊರಗೆ ಹೇಳುವುದಿಲ್ಲವೆಂದು ಅವರು ಮುಚ್ಚಳಿಕೆ ಬರೆದುಕೊಟ್ಟಿದ್ದರು. ಆದರೂ ಜೂನ್ 12ರಂದು ನಗರಸಭೆಗೆ ತಮ್ಮ ಹೆಸರಿನಲ್ಲಿಯೇ ಒಂದು ಪತ್ರ ಬರೆದರು. ನಾಲ್ಕು ತಿಂಗಳು ಆರು ದಿನಗಳ ಮೇಲೆ ಉತ್ತರ ಬಂತು: ಸಂಘಕ್ಕೆ ಸಂಬಂಧಿಸಿದ ವಿಷಯವನ್ನು ಸಂಘದ ಅಧ್ಯಕ್ಷರ ಸಹಿಯೊಂದಿಗೆ, ಸಂಘದ ಮುಖಾಂತರ ಕಳುಹಿಸತಕ್ಕದ್ದು. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಗೆ ಒಂದು ಅಲಗು ಮಾತ್ರ ಕಾಣುತ್ತದೆ. ಇವರಿಗೆ ಎರಡೂ ಕಾಣುತ್ತಿದ್ದವು.

ಆ ಉತ್ತರ ಬರುವ ಮೊದಲೇ ಅವರಿಗೆ ಒಂದು ಸಂದು ಸಿಕ್ಕಿತ್ತು. ಹದಿನೇಳನೆಯ ನಿಯಮದಂತೆ, ಸವೆದ ಹಾಳೆಯನ್ನು ಪ್ರತಿ ಮಾಡುವ ಸಲುವಾಗಿ ಕಾರ್ಯದರ್ಶಿಗಳು ಬೀರುವಿನಿಂದ ಹೊರತೆಗೆಯಬಹುದು. ಪ್ರತಿ ಮಾಡಿ ಎಷ್ಟು ದಿನಗಳಲ್ಲಿ ಹಿಂದಿಡಬೇಕೆಂದು ನಿಯಮ ಹೇಳುವುದಿಲ್ಲ. 2003ರ ಜೂನ್ 30, ಸೋಮವಾರ, ಅವರು ಮೂವತ್ತೊಂದನೆಯ ಹಾಳೆಯನ್ನು ಹೊರತೆಗೆದು, ಅದರ ಜಾಗದಲ್ಲಿ “ಪ್ರತಿ ಮಾಡಲು ಹೊರಗಿದೆ” ಎಂಬ ರಟ್ಟನ್ನಿಟ್ಟು, ದಿನಾಂಕ ಬರೆದು ಸಹಿ ಮಾಡಿದರು. ಹಾಳೆ ಮನೆಯೊಳಗೆ, ಬಟ್ಟೆಯ ಟ್ರಂಕಿನ ತಳಕ್ಕೆ ಹೋಯಿತು.

ಅಂದಿನಿಂದ ಆ ಬಡಾವಣೆಯಲ್ಲಿ ಕೆಲಸ ಹಿಡಿದವರು ಹಾಳೆ ಇಲ್ಲವೆಂದು ಗೊಣಗಿ, ತಾವೇ ಕೊರೆದು ನೋಡಿ, ಬಂಡೆಯವರೆಗೆ ಹೋದರು. ಕಾರ್ಯದರ್ಶಿಗಳಿಗೆ ಬೇಕಾಗಿದ್ದುದು ಅಷ್ಟೇ. ಆದರೆ ಮೈಗಳ್ಳ ಎಂಬ ಹೆಸರು ಅಂಟಿಕೊಂಡಿತು. ಸಂಘದಲ್ಲಿ ಯಾವ ಕೆಲಸವಾದರೂ ಮುಂದಕ್ಕೆ ಹೋದರೆ, ಅದು ಮೂವತ್ತೊಂದರ ಲೆಕ್ಕಕ್ಕೆ ಸೇರಿತು ಎನ್ನುವುದು ಸದಸ್ಯರ ಬಾಯಲ್ಲಿ ಗಾದೆಯೇ ಆಯಿತು. ವಾರ್ಷಿಕ ಸಭೆಯಲ್ಲಿ ಯಾರೋ ಒಬ್ಬರು ತಮ್ಮ ಮಗನ ಮದುವೆಯ ಬಗ್ಗೆಯೂ ಹಾಗೆಂದರು. ಇಪ್ಪತ್ತೆರಡು ಕುರ್ಚಿಗಳೂ ನಕ್ಕವು. ಕಾರ್ಯದರ್ಶಿಗಳು ಸಭೆಯ ನಡಾವಳಿ ಬರೆಯುತ್ತಿದ್ದರು, ತಲೆಯೆತ್ತಲಿಲ್ಲ.

ಪ್ರತಿ ತಿಂಗಳ ಮೊದಲ ಭಾನುವಾರ ಅವರು ಆ ಮೂರು ಕಟ್ಟಡಗಳನ್ನು ನೋಡಿ ಬರುತ್ತಿದ್ದರು. ಗೋಡೆಯ ಬಿರುಕಿಗೆ ಅಡ್ಡವಾಗಿ ಬೆರಳಗಲದ ತೆಳು ಗಾಜಿನ ಪಟ್ಟಿಯನ್ನು ಅಂಟಿಸುವುದು ಕಸುಬಿನ ಹಳೆಯ ರೂಢಿ. ಕಟ್ಟಡ ಕದಲಿದರೆ ಗಾಜು ಮುರಿಯುತ್ತದೆ. ನೀರಿನ ಪೈಪು ನೋಡಲು ಬಂದವರಂತೆ ಹಿಂಬದಿಗೆ ಹೋಗಿ ಅವರು ಒಟ್ಟು ಹನ್ನೊಂದು ಪಟ್ಟಿಗಳನ್ನು ಅಂಟಿಸಿದ್ದರು. ಇಪ್ಪತ್ತು ವರ್ಷಗಳಲ್ಲಿ ಮೂರು ಮುರಿದವು. ಆ ಮೂರು ತಾರೀಖುಗಳನ್ನು ಕೇಳಿದರೆ ಅವರು ಮಕ್ಕಳು ಹುಟ್ಟಿದ ದಿನದಂತೆ ಹೇಳುತ್ತಾರೆ.

ನನ್ನ ತಂಗಿಗೆ ಇದಾವುದೂ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಮೆಟ್ಟಿಲು. ಮಂಡಿ ಹಿಡಿದುಕೊಂಡು ಅವಳು ಇಳಿಯುವುದು ವಾರಕ್ಕೆರಡು ಸಲವಾಯಿತು, ಆಮೇಲೆ ಒಂದು. 2009ರ ಫೆಬ್ರವರಿ 20ರಂದು ಇಬ್ಬರೂ ಸೇರಿ ನಾಲ್ಕು ಬೀದಿಗಳಾಚೆ ನೆಲಮಟ್ಟದಲ್ಲಿ ಒಂದು ಸಣ್ಣ ಮನೆ ಕೊಂಡರು. ಮೂರು ಕಡೆ ಕಿಟಕಿ, ಮುಂದೆ ಎರಡು ಕುರ್ಚಿ ಹಾಕುವಷ್ಟು ಜಾಗ. ಅರವತ್ತಕ್ಕೆ ನಿವೃತ್ತಿ, ಮರುದಿನವೇ ಅಲ್ಲಿಗೆ ಎಂದು ಕಾರ್ಯದರ್ಶಿಗಳು ಮಾತು ಕೊಟ್ಟಿದ್ದರು. ಆ ಮಾತು ಕೊಡುವಾಗ ಅವರು ನಿಯಮಗಳ ಕೊನೆಯ ಪುಟವನ್ನು ಮರೆತಿದ್ದರು.

ಕೊನೆಯ ಪುಟದಲ್ಲಿರುವುದು ಅಧಿಕಾರ ಹಸ್ತಾಂತರದ ಕ್ರಮ. ಬಿಟ್ಟುಹೋಗುವವನು ಅರವತ್ತನಾಲ್ಕು ಹಾಳೆಗಳನ್ನೂ ಬೀರುವಿನಲ್ಲಿಟ್ಟು ತೋರಿಸಬೇಕು. ಪ್ರತಿಗಾಗಿ ಹೊರಗಿರುವುದನ್ನು ಇದ್ದಂತೆಯೇ ಹಿಂದಿಡಬೇಕು. ಬರುವವನು ಎಣಿಸಿ ಸಹಿ ಹಾಕಬೇಕು. ಎಂದರೆ ಅವರು ಬಿಟ್ಟ ದಿನ ಮೂವತ್ತೊಂದನೆಯ ಹಾಳೆ, ಅದೇ ಹದಿನಾಲ್ಕು ಮೀಟರಿನ ಸುಳ್ಳಿನೊಂದಿಗೆ, ಮತ್ತೆ ಎಲ್ಲರ ಕಣ್ಣಿಗೆ ಬೀಳುತ್ತದೆ. ಆ ಹೊತ್ತಿಗೆ ಬಡಾವಣೆಯಲ್ಲಿ ಎಂಟು, ಹತ್ತು ಮಹಡಿಗಳ ಕಾಲ ಬಂದಿತ್ತು.

2011ರ ಆಗಸ್ಟ್ 31ರಂದು ಅವರು ನಿವೃತ್ತರಾಗಲಿಲ್ಲ. ಮೂರು ವರ್ಷಗಳ ಮುಂದುವರಿಕೆಗೆ ತಾವೇ ಅರ್ಜಿ ಕೊಟ್ಟರು. ಬಗ್ಗಿ ನಡೆಯುವ, ಕಡಿಮೆ ಕೇಳುವ ಕಾರ್ಯದರ್ಶಿ ಯಾವ ಸಂಘಕ್ಕೂ ಅನುಕೂಲವೇ; ಅರ್ಜಿ ಮಂಜೂರಾಯಿತು. ತಂಗಿ ಆ ವಾರವೆಲ್ಲ ಅವರೊಂದಿಗೆ ಮಾತನಾಡಲಿಲ್ಲ. ನನಗೆ ಫೋನ್ ಮಾಡಿ, ಅವರಿಗೆ ಕುರ್ಚಿಯ ಹುಚ್ಚು ಹಿಡಿದಿದೆ, ನೀನಾದರೂ ಹೇಳು ಎಂದಳು. ನಾನು ಸಂಘದ ವಾರ್ಷಿಕ ಸಂಚಿಕೆಯ ಭಾಷೆ ತಿದ್ದಿಕೊಡುತ್ತಿದ್ದವನು. ಸೆಪ್ಟೆಂಬರ್ 9ರಂದು ಕರಡು ಹಿಡಿದುಕೊಂಡು ಹೋದಾಗ ಕೇಳಿದೆ. ಅವರು ಎದ್ದು, ಬೀರುವಿನ ಹಿಂದಿನ ಬಾಗಿಲು ಮುಚ್ಚಿದೆಯೇ ಎಂದು ನೋಡಿ ಬಂದು, ಎಲ್ಲವನ್ನೂ ಹೇಳಿದರು.

“ತಂಗಿಗೆ ಯಾಕೆ ಹೇಳ್ಲಿಲ್ಲ?” ಎಂದೆ.

“ಹೇಳಿದ್ರೆ ಅವಳು ಕೆಲಸ ಬಿಡಿ ಅನ್ನಲ್ಲ ಭಾವ. ಇಲ್ಲೇ ಇರೋಣ ಅಂತಾಳೆ. ಅದನ್ನ ಕೇಳೋದು ಕಷ್ಟ.”

2014, 2017, 2020. ಮೂರು ಮುಂದುವರಿಕೆಗಳು. ಹಳೆಯ ಅಧ್ಯಕ್ಷರು ತೀರಿಕೊಂಡರು. ನಾಲ್ಕು ಬೀದಿಗಳಾಚೆಯ ಮನೆಯನ್ನು ಕಾರ್ಯದರ್ಶಿಗಳು ಪ್ರತಿ ಬುಧವಾರ ಗುಡಿಸಿ, ಕಿಟಕಿಗಳನ್ನು ತೆರೆದು, ಗಾಳಿ ಬಂದ ಮೇಲೆ ಮುಚ್ಚಿ ಬರುತ್ತಿದ್ದರು.

2022ರ ಸೆಪ್ಟೆಂಬರ್ 25, ಭಾನುವಾರ, ಹಳೆಯ ಅಧ್ಯಕ್ಷರ ಮಗಳು ಅಧ್ಯಕ್ಷೆಯಾಗಿ ಆಯ್ಕೆಯಾದಳು. ವಯಸ್ಸು ಮೂವತ್ತೆಂಟು, ತಂದೆಯ ಕಂಪನಿಯನ್ನು ನಡೆಸುತ್ತಿದ್ದ ಇಂಜಿನಿಯರು. ಸಭೆಯಲ್ಲಿ ಅವರನ್ನು ಕಾರ್ಯದರ್ಶಿಗಳೇ ಎನ್ನುವಳು, ಎದುರಿಗೆ ಯಾರೂ ಇಲ್ಲದಾಗ ಅಂಕಲ್. ಅವಳ ಮೊದಲ ತೀರ್ಮಾನವೆಂದರೆ, ಹಾಳೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ ಸದಸ್ಯರ ಫೋನಿನಲ್ಲೇ ಕಾಣುವಂತೆ ಮಾಡುವುದು. 2023ರ ಫೆಬ್ರವರಿ 6ರ ಅವಳ ಪತ್ರದಲ್ಲಿ ಮಾರ್ಚ್ 31ರೊಳಗೆ ಅರವತ್ತನಾಲ್ಕು ಹಾಳೆಗಳೂ ಬೇಕೆಂದಿತ್ತು. ಅರವತ್ತನಾಲ್ಕು ಎಂಬುದನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದಿದ್ದಳು.

ಕಾರ್ಯದರ್ಶಿಗಳು ಅರವತ್ತಮೂರನ್ನು ಕಳುಹಿಸಿದರು. ಮಾರ್ಚ್ 14, ಮಂಗಳವಾರ, ಉಳಿದ ಒಂದನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಅವಳ ಕಚೇರಿಗೆ ಹೋದರು. ಅಂದು ಬೆಳಿಗ್ಗೆ ಅವರು ಹಗುರವಾಗಿದ್ದರೆಂದು ತಂಗಿ ಹೇಳುತ್ತಾಳೆ. ಒಗೆದ ಅಂಗಿ ಕೇಳಿ ಪಡೆದರಂತೆ. ಇಪ್ಪತ್ತು ವರ್ಷಗಳ ಮೇಲೆ, ಓದಿದವಳ ಮುಂದೆ, ಹಾಳೆಯನ್ನೂ ಪೆನ್ಸಿಲ್ ಸಾಲಿನ ಕಾಗದವನ್ನೂ ಒಟ್ಟಿಗೆ ಬಿಚ್ಚಿಟ್ಟು ಕೈ ತೊಳೆದುಕೊಳ್ಳಬಹುದೆಂದು ಅವರು ನಂಬಿದ್ದರು.

ಅವಳು ಎರಡನ್ನೂ ಬಹಳ ಹೊತ್ತು ನೋಡಿದಳು. ಮೂರು ಕಟ್ಟಡಗಳು ಯಾವುವೆಂದು ಕೇಳಿದಳು. ಅವರು ಹೇಳಿದರು. ಮೊದಲನೆಯದು ತಂದೆಯದೆಂದು ತಿಳಿದ ಮೇಲೆ ಎದ್ದು ನೀರು ಕುಡಿದು ಬಂದು ಕುಳಿತಳು.

“ಅಪ್ಪನಿಗೆ ಗೊತ್ತಿತ್ತಾ ಅಂಕಲ್?”

“ಗೊತ್ತಿತ್ತಮ್ಮ.”

“ಈಗ ಇದನ್ನ ತಿದ್ದಿ ಫೋನಿಗೆ ಹಾಕಿದ್ರೆ ಸಂಜೆಯೊಳಗೆ ಮೂರು ಕಟ್ಟಡದ ಜನ ಬೀದಿಗೆ ಬರ್ತಾರೆ. ತಿದ್ದದೆ ಹಾಕೋಕೆ ನನ್ನ ಕೈಲಾಗಲ್ಲ.”

“ಅದಕ್ಕೇ ನಿಮ್ಮ ಹತ್ರ ತಂದೆ.”

ಅವಳು ಸುಲಭಕ್ಕೆ ಬಗ್ಗುವವಳಲ್ಲ, ಕೆಟ್ಟವಳೂ ಅಲ್ಲ. ತಂದೆಯ ಕಟ್ಟಡದ ಕೆಳಗೆ ಸಣ್ಣ ಕಂಬಗಳನ್ನು ಬಂಡೆಯವರೆಗೆ ಇಳಿಸಿ ಭದ್ರಪಡಿಸುತ್ತೇನೆ, ಯಜಮಾನರ ಮುಂದೆ ತಾನೇ ತಪ್ಪೊಪ್ಪಿಕೊಂಡು ಅದನ್ನು ಮಾಡಿಸುತ್ತೇನೆ ಎಂದಳು. ಉಳಿದ ಎರಡನ್ನು ಕಟ್ಟಿದ ಕಂಪನಿಗಳು ಮುಚ್ಚಿಹೋಗಿದ್ದವು. ಅವುಗಳ ಯಜಮಾನರನ್ನು ಒಬ್ಬೊಬ್ಬರಾಗಿ ಒಪ್ಪಿಸಬೇಕು. ಮೂರೂ ಭದ್ರವಾದ ದಿನ ಹಾಳೆಯನ್ನು ತಿದ್ದಿ ಎಲ್ಲರಿಗೂ ತೋರಿಸುವುದು. ಅಲ್ಲಿಯವರೆಗೆ ಫೋನಿನಲ್ಲಿ ಮೂವತ್ತೊಂದರ ಎದುರು ಅದೇ ಹಳೆಯ ಮಾತು: ಪ್ರತಿ ಮಾಡಲು ಹೊರಗಿದೆ. ಕಾರ್ಯದರ್ಶಿಗಳು ಅದರ ಕೆಳಗೆ ಇನ್ನೊಂದು ಸಾಲು ಬೇಕೆಂದು ಹಟ ಹಿಡಿದರು: ಈ ಬಡಾವಣೆಯಲ್ಲಿ ಹೊಸದಾಗಿ ಕೊರೆದು ನೋಡದೆ ಕೆಲಸ ಮಾಡಕೂಡದು. ಅವಳು ಒಪ್ಪಿ ಅಲ್ಲಿಯೇ ಬರೆದುಕೊಂಡಳು. ಆಮೇಲೆ ಅವರು ಕೇಳಬೇಕಾದದ್ದನ್ನು ಅವಳೇ ಹೇಳಿದಳು.

“ಆದ್ರೆ ನೀವು ಬಿಡೋ ಹಾಗಿಲ್ಲ ಅಂಕಲ್. ನೀವು ಬಿಟ್ರೆ ಹೊಸಬನು ಅರವತ್ತನಾಲ್ಕು ಎಣಿಸ್ತಾನೆ. ಹೊರಗಿದೆ ಅಂತ ಬರೆಯೋ ಅಧಿಕಾರ ಇರೋದು ನಿಮ್ಮ ಸಹಿಗೆ ಮಾತ್ರ.”

“ಎಷ್ಟು ವರ್ಷ?”

“ನನಗೆ ಗೊತ್ತಿಲ್ಲ.”

ತಂದೆ ಹೆದರಿಸಿ ಕೂರಿಸಿದ್ದ ಕುರ್ಚಿಯಲ್ಲಿ ಮಗಳು ಕೈಮುಗಿದು ಕೂರಿಸಿದಳು. ಹಾಳೆಯನ್ನು ಸುತ್ತಿಕೊಂಡು ಅವರು ಹಿಂದಿರುಗಿದರು. ಅಂದು ಊಟಕ್ಕೆ ಕುಳಿತಾಗ ಮೊದಲ ಬಾರಿಗೆ ನನ್ನ ತಂಗಿಗೆ ಎಲ್ಲವನ್ನೂ ಹೇಳಿದರು. ಅವಳು ನನಗೆ ವರದಿ ಒಪ್ಪಿಸಿದಂತೆ ಹೇಳಿದ್ದು ಹೀಗೆ: ಅವಳು ಅಳಲಿಲ್ಲ, ಅವರು ತಟ್ಟೆ ಬಿಟ್ಟು ಏಳಲಿಲ್ಲ.

“ಇಷ್ಟು ವರ್ಷ ನಿಮಗೆ ಕುರ್ಚಿ ಮೇಲೆ ಆಸೆ ಅಂತ ನಿಮ್ಮನ್ನ ಬೈದೆ,” ಎಂದಳಂತೆ.

“ಬೈತಾ ಇದ್ದದ್ದೇ ಚೆನ್ನಾಗಿತ್ತು,” ಎಂದರಂತೆ ಅವರು.

ಇಲ್ಲೇ ಇರೋಣ ಎಂದು ಅವಳು ಹೇಳಲಿಲ್ಲ. ಆ ವಿಷಯದಲ್ಲಿ ಮಾತ್ರ ಅವರ ಅಂದಾಜು ತಪ್ಪಾಗಿತ್ತು. ಏಪ್ರಿಲ್ 2, ಭಾನುವಾರ, ಅವಳು ಒಬ್ಬಳೇ ನಾಲ್ಕು ಬೀದಿಗಳಾಚೆಯ ಮನೆಗೆ ವಾಸಕ್ಕೆ ಹೋದಳು. ಜಗಳವಾಡಿಕೊಂಡಲ್ಲ, ತನ್ನ ಮಂಡಿಗಳ ಮೇಲೆ ಯಾವ ಸಂಘದ ನಿಯಮವೂ ನಡೆಯುವುದಿಲ್ಲ ಎಂದು ಹೇಳಿ. ಈಗ ಅವರು ಬೆಳಿಗ್ಗೆ ಏಳಕ್ಕೆ ಅಲ್ಲಿಗೆ ಹೋಗಿ ತಿಂಡಿ ತಿಂದು, ಮಧ್ಯಾಹ್ನದ ಡಬ್ಬಿ ಹಿಡಿದು, ಹತ್ತರೊಳಗೆ ಕಚೇರಿ ಸೇರುತ್ತಾರೆ. ರಾತ್ರಿ ಮಲಗುವುದು ಬೀರುವಿನ ಹಿಂದೆ. ಹಗಲು ನೆಂಟರಂತೆ ಬಂದು ಹೋಗುವ ಗಂಡ ಎಂದು ಅವಳು ನಗುತ್ತಾಳೆ. ಅವರು ನಗುವುದಿಲ್ಲ, ಗಡಿಯಾರ ನೋಡಿಕೊಳ್ಳುತ್ತಾರೆ.

2023ರ ಆಗಸ್ಟ್ 31ರಂದು ಐದನೆಯ ಮುಂದುವರಿಕೆಗೆ ಸಹಿ ಹಾಕಿದರು. ಇದನ್ನು ನಾನು ಬರೆಯುತ್ತಿರುವುದು 2024ರ ನವೆಂಬರ್ 11, ಸೋಮವಾರ. ಅವರಿಗೆ ಎಪ್ಪತ್ತಮೂರು ವರ್ಷ, ಮೂರು ತಿಂಗಳು, ಎಂಟು ದಿನ. ಅಧ್ಯಕ್ಷೆ ಮಾತು ಉಳಿಸಿಕೊಂಡಿದ್ದಾಳೆ. ತಂದೆಯ ಕಟ್ಟಡದ ಕೆಳಗೆ ಮೂವತ್ತೆರಡು ಸಣ್ಣ ಕಂಬಗಳು ಬಂಡೆಯನ್ನು ಮುಟ್ಟಿವೆ. ಎರಡನೆಯ ಕಟ್ಟಡದ ಯಜಮಾನಿ, ವಿಧವೆ, ಮಕ್ಕಳನ್ನು ಕೇಳಿ ಹೇಳುತ್ತೇನೆಂದಿದ್ದಾಳೆ. ಮೂರನೆಯದರ ಯಜಮಾನ ಮಾತ್ರ ಬಾಗಿಲಲ್ಲೇ ನಿಲ್ಲಿಸಿ, ಇಷ್ಟು ವರ್ಷ ನಿಂತಿದೆ, ಇನ್ನೂ ನಿಲ್ಲುತ್ತದೆ, ನನ್ನ ಕಾಲ ಮುಗಿದ ಮೇಲೆ ನೋಡಿಕೊಳ್ಳಿ ಎಂದು ಹೇಳಿ ಕಳುಹಿಸಿದನಂತೆ.

ನಿನ್ನೆ ತಂಗಿಯ ಮನೆಯ ಮುಂದಿನ ಕುರ್ಚಿಯಲ್ಲಿ ಕುಳಿತಿದ್ದಾಗ ಅವನ ವಯಸ್ಸೆಷ್ಟು ಎಂದು ಕೇಳಿದೆ.

“ನಲವತ್ತೊಂದು ಭಾವ,” ಎಂದರು ಕಾರ್ಯದರ್ಶಿಗಳು. “ದಿನಾ ಬೆಳಿಗ್ಗೆ ಓಡೋಕೆ ಹೋಗ್ತಾನೆ.”